ಸಾರಿಸಿದ ಮೈದಾನ

೧೯೭೯ರ ಬೇಸಿಗೆ. ಬೆಂಗಳೂರಿನ ಒಂದು ಕಾರ್ಖಾನೆಯ ಫುಟ್‌ಬಾಲ್ ತಂಡದಲ್ಲಿ ನಾನು ಫಾರ್ವರ್ಡ್. ಅಂದರೆ ಗೋಲು ಹೊಡೆದರೆ ಹೊಗಳಿಕೆ, ಹೊಡೆಯದಿದ್ದರೆ ಬೈಗುಳ, ಎರಡೂ ನನ್ನ ಪಾಲಿಗೇ ಬರುವ ಜಾಗ. ಮುಂದಿನ ವಾರ ರಾಜ್ಯ ತಂಡದ ಆಯ್ಕೆ ಇತ್ತು. ಅಷ್ಟರಲ್ಲಿ ನಮ್ಮ ತಂಡಕ್ಕೆ ನ್ಯಾಮತಿಯಿಂದ ಪ್ರದರ್ಶನ ಪಂದ್ಯದ ಕರೆ ಬಂತು. ಎದುರಾಳಿಗಳು ಹೊನ್ನಾಳಿ, ಚನ್ನಗಿರಿ ಕಡೆಯ ಹುಡುಗರು.

ನ್ಯಾಮತಿ ನನ್ನೂರು. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದ ಗಿರಿಜಕ್ಕ ಅಲ್ಲೇ ಇದ್ದಳು. ನಾನು ಆಡುವುದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಚೆಂಡು ಒದ್ದರೆ ಸಂಬಳ ಕೊಡುತ್ತಾರೆ ಎಂಬುದನ್ನು ನಂಬಿಯೂ ಇರಲಿಲ್ಲ.

ಮೈದಾನಕ್ಕೆ ಕಾಲಿಟ್ಟಾಗ ನಾವೆಲ್ಲ ಬೆಪ್ಪಾದೆವು. ಎರಡೂ ಗೋಲುಗಳ ಮುಂದೆ ನೆಲವನ್ನು ಕಣದಂತೆ ತಟ್ಟಿ, ಸಗಣಿಯಿಂದ ಸಾರಿಸಿದ್ದರು. ನಡುಮಧ್ಯೆ ಎಂಟು ದಳದ ರಂಗೋಲಿ. ಚೆಂಡನ್ನು ಎಲ್ಲಿಡಬೇಕೆಂದು ತಿಳಿಯದೆ ರೆಫರಿ ಸುಮ್ಮನೆ ನಿಂತಿದ್ದರು.

"ಧೂಳು ಏಳಬಾರ್ದು ಅಂತ ಓಣಿ ಹೆಂಗಸ್ರೆಲ್ಲ ಸೇರಿ ಸಾರ್ಸೀವಿ. ಚೆನ್ನಾಗೈತಲ್ಲ?" ಎಂದಳು ಅಕ್ಕ. ಮೊಣಕೈವರೆಗೂ ಸಗಣಿ ಒಣಗಿತ್ತು.

ಚೆನ್ನಾಗಿಯೇ ಇತ್ತು, ಆದರೆ ಬರಿಗಾಲಿಗೆ. ಬೂಟಿನ ಅಡಿಯಲ್ಲಿ ಸ್ಟಡ್ ಎಂಬ ಗುಬುಟುಗಳಿರುತ್ತವೆ. ಅವು ಮಣ್ಣಿಗೆ ಇಳಿದರೆ ಮಾತ್ರ ಹಿಡಿತ. ಗಟ್ಟಿ ನೆಲದ ಮೇಲೆ ಜಾರುತ್ತವೆ. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು. "ನಿನ್ನ ಮಂಡಿ ಮೊದಲೇ ಸರಿಯಿಲ್ಲ ಬಸವರಾಜ್. ಸುಮ್ಮನೆ ಕೂತಿರು. ಆಯ್ಕೆ ಮುಗಿಯಲಿ" ಎಂದರು.

ಅವರ ಮಾತು ನ್ಯಾಯವಾಗಿತ್ತು. ಆದರೆ ಅಕ್ಕ ಆಗಲೇ ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದಳು. ಅವಳೆದುರು ಬೆಂಚಿನ ಮೇಲೆ ಕೂರಲು ನನ್ನಿಂದಾಗಲಿಲ್ಲ. ಬೂಟಿನ ದಾರ ಬಿಗಿದು ಇಳಿದೆ.

ಮೊದಲರ್ಧದಲ್ಲಿ ಒಂದು ಗೋಲು ಹೊಡೆದೆ. ಊರು ಕುಣಿಯಿತು. ದ್ವಿತೀಯಾರ್ಧದಲ್ಲಿ ಮತ್ತೆ ಗೋಲಿನ ಮುಂದೆ ಚೆಂಡು ಸಿಕ್ಕಿತು. ತಿರುಗಲು ಹೋದೆ, ಬೂಟು ಜಾರಿ ಮಂಡಿ ಉಳುಕಿತು. ಬಿದ್ದವನು ಏಳಲಿಲ್ಲ. ಚೆಂಡು ನನ್ನ ಕಾಲ ಬಳಿಯೇ ಇತ್ತು, ಆಟ ಇನ್ನೂ ನಡೆದೇ ಇತ್ತು. "ಬಾಲ್ ಬಿಡಬೇಡ!" ಎಂದು ನಮ್ಮವರು ಕೂಗುತ್ತಿದ್ದರು. "ಹೊಡೀರೀ, ಹೊಡೀರೀ!" ಎಂದು ಜನ.

ಅಷ್ಟರಲ್ಲಿ ಗೆರೆ ದಾಟಿ ಅಕ್ಕ ಓಡಿಬಂದಳು. ರೆಫರಿಯ ಸೀಟಿಗೆ ಅವಳೇನು ಕಿವಿಗೊಡುತ್ತಾಳೆ!

"ಬಾಲ್ ಬೇಕಾದ್ರೆ ಅವ್ರೇ ಇಟ್ಕಳ್ಳಿ. ನೀನ್ ಕಾಲು ತೋರ್ಸೋ!"

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಅವಳ ಅಳು ನಿಲ್ಲಲಿಲ್ಲ. "ನಮ್ ಕೈಯಾರೆ ನಿನ್ ಕಾಲು ಮುರಿದ್ವಲ್ಲೋ."

"ನೀನ್ ಸಾರ್ಸಿದ್ ನೆಲದ ಮ್ಯಾಲೇ ನಡಿಯಾಕೆ ಕಲ್ತೋನು ನಾನು. ಬಿಡಕ್ಕ" ಎಂದೆ.

ಆಯ್ಕೆಗೆ ಹೋಗಲಾಗಲಿಲ್ಲ. ಮಂಡಿ ವಾಸಿಯಾದ ಮೇಲೆ ಕಾರ್ಖಾನೆಗೆ ಇನ್ನೂ ಹಲವು ವರ್ಷ ಆಡಿದೆ. ರಾಜ್ಯದ ಅಂಗಿ ಮಾತ್ರ ಮೈಗೆ ಬರಲಿಲ್ಲ. ಅದರ ಬೇಸರ ಇಲ್ಲವೆಂದರೆ ಸುಳ್ಳಾಗುತ್ತದೆ.

ಆಟದಿಂದ ನಿವೃತ್ತನಾಗಿ ಹುಡುಗರಿಗೆ ಕೋಚ್ ಆದೆ. ಚೆಂಡು ಬಿಡಬೇಡ ಎಂದು ನನಗೆ ಕಲಿಸಿದವರು ಬಹಳ ಮಂದಿ. ಬಿಡು ಎಂದವಳು ಒಬ್ಬಳೇ. ಇಂದಿಗೂ ಹುಡುಗನೊಬ್ಬ ಬಿದ್ದರೆ ಚೆಂಡು ಎತ್ತ ಹೋಯಿತೆಂದು ನಾನು ನೋಡುವುದಿಲ್ಲ. ಗೆರೆ ದಾಟಿ ಓಡುತ್ತೇನೆ. ಬಾಯಿಗೆ ಬರುವುದು ಅದೇ ಮಾತು: "ಕಾಲು ತೋರ್ಸೋ!"