ಹೆಂಡತಿಗೆ ಕಡೆದುಕೊಟ್ಟ ಕಬ್ಬಿಣದ ಯೋಯೋ

ತೊಂಬತ್ತರ ದಶಕದ ಕೊನೆಯಲ್ಲಿ, ಮಗಳಿಗೆಂದು ಚಳ್ಳಕೆರೆ ಬಸ್ ನಿಲ್ದಾಣದಿಂದ ದಾರ ಸುತ್ತಿ ಕೆಳಗೆ ಬಿಟ್ಟರೆ ಮತ್ತೆ ಕೈಗೇರಿ ಬರುವ ಪ್ಲಾಸ್ಟಿಕ್ ಯೋಯೋ ತಂದಿದ್ದೆ. ಮಗಳು ಬೇಗ ಬೇಸತ್ತು ಬಿಟ್ಟಳು. ಹಿಡಿದವಳು ನನ್ನ ಹೆಂಡತಿ.

ಅವಳದು ಮೊಳಕಾಲ್ಮೂರಿನ ನೇಕಾರರ ಮನೆ. ಮದುವೆಗೆ ಮುಂಚೆ ಮಗ್ಗದಲ್ಲಿ ಕೂತು ಲಾಳಿಯ ಹಗ್ಗ ಜಗ್ಗಿದ ಕೈ. ಆ ಯೋಯೋ ಬಲು ಹಗುರ. ಕೆಳಗಿಳಿದ ಕೂಡಲೇ ಮಣಿಕಟ್ಟಿನಿಂದ ಜಗ್ಗದಿದ್ದರೆ ಸತ್ತಂತೆ ತೂಗಾಡುತ್ತಿತ್ತು. ನನ್ನ ಕೈಯಲ್ಲಿ ಯಾವಾಗಲೂ ಹಾಗೆಯೇ. ಅವಳ ಕೈಯಲ್ಲಿ ನಿಲ್ಲುತ್ತಲೇ ಇರಲಿಲ್ಲ. ಸಂಜೆ ಓಣಿಯವರೆಲ್ಲ ನಮ್ಮ ಕಟ್ಟೆಯ ಮುಂದೆ ಸೇರುತ್ತಿದ್ದರು. ಕೆಲಸದಿಂದ ಬಂದ ನನಗೆ ದಾರಿ ಬಿಡಲೂ ಯಾರಿಗೂ ನೆನಪಾಗುತ್ತಿರಲಿಲ್ಲ. ನನ್ನೆದುರು ಅವಳು ಎಂದೂ ಹಾಗೆ ನಕ್ಕಿರಲಿಲ್ಲ. ಅಂಗೈಯಗಲದ ಪ್ಲಾಸ್ಟಿಕ್ಕಿನ ಮೇಲೆ ನನಗೆ ಹೊಟ್ಟೆಕಿಚ್ಚು.

ಎಣ್ಣೆ ಮಿಲ್ಲುಗಳ ಬಿಡಿಭಾಗ ರಿಪೇರಿ ಮಾಡುವ ಲೇತ್ ಅಂಗಡಿಯಲ್ಲಿ ನನ್ನ ಕೆಲಸ. ಅಲ್ಲಿ ಕಬ್ಬಿಣದ ಎರಡು ಬಿಲ್ಲೆ ಕಡೆದು, ನಡುವೆ ಅಚ್ಚು ಕೂರಿಸಿ, ಭಾರದ ಯೋಯೋ ಮಾಡಿದೆ. ಎಲ್ಲರೆದುರು ಅವಳ ಕೈ ಸೋಲಲಿ ಎಂದು.

"ನನಗಾ? ನೀವೇ ಮಾಡಿದ್ರಾ?" ಎಂದು ಅವಳು ಅದನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದಳು.

ಮೊದಲ ಸಲ ಬಿಟ್ಟಾಗ ದಾರ ಬೆರಳನ್ನು ಕೊಯ್ಯಿತು. ಹಗುರದ್ದನ್ನು ಜಗ್ಗಿದಂತೆ ಇದನ್ನೂ ಜಗ್ಗಿದ್ದಕ್ಕೆ ರಭಸದಿಂದ ಮೇಲೆದ್ದು ಗೆಣ್ಣಿಗೆ ಬಡಿಯಿತು.

"ಏನಕ್ಕಾ, ಭಾವ ಬೀಸೋ ಕಲ್ಲಿಗೆ ದಾರ ಕಟ್ಕೊಂಡು ಬಂದಾರಾ?" ಎಂದಳು ಪಕ್ಕದ ಮನೆಯವಳು. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೆಂಡತಿ ಬೆರಳಿಗೆ ಬಟ್ಟೆ ಸುತ್ತಿಕೊಂಡಳು. ಅಚ್ಚಿಗೆ ಬಿಗಿದಿದ್ದ ದಾರವನ್ನು ಸಡಿಲ ಕುಣಿಕೆ ಮಾಡಿ ಮತ್ತೆ ಬಿಟ್ಟಳು. ಜಗ್ಗಲಿಲ್ಲ. ಕಬ್ಬಿಣ ಕೆಳಗೆ ನಿಂತಲ್ಲೇ ಗುಂಯ್ಯೆಂದು ಸುತ್ತುತ್ತಿತ್ತು.

"ಇದು ಭಾರ ಐತೆ ಕಣೇ, ಅವಸರ ಮಾಡಂಗಿಲ್ಲ. ಕಾಯ್ಬೇಕು," ಎಂದು ಪಕ್ಕದವಳಿಗೆ ಹೇಳುತ್ತಲೇ ಚೂರು ಎತ್ತಿದಳು. ಅದು ಸೀದಾ ಅಂಗೈಗೆ ಬಂತು. ಓಣಿಯೆಲ್ಲ ಚಪ್ಪಾಳೆ.

"ಸಾಕು, ಒಳಗೆ ನಡಿ! ಬೀದೀಲಿ ಕುಣೀಲಿ ಅಂತ ನಿನ್ನ ಮದುವೆ ಆಗಿಲ್ಲ," ಎಂದುಬಿಟ್ಟೆ.

ಅವಳು ದಾರ ಸುತ್ತಿ ಯೋಯೋವನ್ನು ನನ್ನ ಕೈಗಿಟ್ಟು ಒಳಹೋದಳು. ಮತ್ತೆಂದೂ ಆಡಲಿಲ್ಲ.

ಇಷ್ಟು ವರ್ಷ ಅದು ನನ್ನನ್ನು ಕೊರೆಯುತ್ತಿತ್ತು. ಮೊನ್ನೆ ಅವಳು ಕಡ್ಲೆಕಾಯಿ ಸುಲಿಯುತ್ತಿದ್ದಾಗ ಎದುರು ಕೂತು ಎಲ್ಲ ಹೇಳಿಬಿಟ್ಟೆ, ಅದನ್ನು ಯಾಕೆ ಮಾಡಿದೆನೆಂಬುದನ್ನೂ. ಅವಳ ಕೈ ನಿಂತಿತು.

"ಹೊಟ್ಟೆಕಿಚ್ಚಿಗೆ ಬೈದ್ರಿ ಅಂತ ಅವತ್ತೇ ಗೊತ್ತಿತ್ತು ಕಣ್ರೀ," ಎಂದಳು. "ಆದ್ರೆ ಮಾಡಿಕೊಟ್ಟಿದ್ದು ಮಾತ್ರ ನನ್ನ ಮೇಲಿನ ಆಸೆಗೆ ಅಂದ್ಕೊಂಡಿದ್ದೆ. ಅದೊಂದನ್ನಾದ್ರೂ ಹೇಳ್ದೆ ಬಿಡ್ಬಾರ್ದಿತ್ತಾ?"