ಹುಲ್ಲಿಗೆ ಗ್ಯಾಸ್

ಆ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಸೇಡಂನ ಗೋಲಿಸೋಡಾ ಅಂಗಡಿಗೆ ಹೋದೆ. ತೀರಿಹೋದ ನನ್ನ ಮಗಳು ಕಾಗಿಣಾ ನದಿಯ ದಂಡೆಯಿಂದ ಹುಲ್ಲು ತಂದು ಮೀನಿನ ಗಾಜಿನ ತೊಟ್ಟಿಯ ತಳದಲ್ಲಿ ನೆಟ್ಟಿದ್ದಳು. ಅದು ಜಮಖಾನೆಯಂತೆ ಹಬ್ಬಿತ್ತು, ಈಗ ಹಳದಿಯಾಗಿ ಕೊಳೆಯುತ್ತಿತ್ತು. ನೀರೊಳಗಿನ ಗಿಡಕ್ಕೆ ಸೋಡಾದ ಗ್ಯಾಸೇ ಆಹಾರವೆಂದು ಓದಿದ್ದೆ. ಸ್ವಲ್ಪ ಗ್ಯಾಸ್ ಕೊಡುವಂತೆ ಕೇಳಿದೆ.

“ಹುಲ್ಲಿಗಿ ಸೋಡಾ ಕುಡಸ್ತೀರೇನ್ರಿ ಮಾಸ್ತರ? ಅದಕ್ಕೂ ಅಜೀರ್ಣ ಆಗ್ಯದೇನು?” ಎಂದು ಅಂಗಡಿಯವನು ನಕ್ಕ.

ಅದನ್ನು ನೆಟ್ಟವಳು ಈಗಿಲ್ಲವೆಂದು ಹೇಳಿದೆ. ಅವನು ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟ.

“ಆಕಿ ಗ್ಯಾಸ್ ಹಾಕ್ತಿದ್ದಳೇನ್ರಿ?”

“ಇಲ್ಲ.”

“ಮತ್ತ ಆವಾಗ ಹೆಂಗ ಬೆಳೀತು? ಜಾಗಾ ಬದಲ ಮಾಡೀರೇನು?”

“ಇಲ್ಲಪ್ಪ. ಆಕಿ ಕೋಣ್ಯಾಗ, ಕಿಟಕಿ ಹಂತ್ಯಾಕೇ ಅದ.”

“ಬಿಸಿಲು ಬೀಳ್ತದಲ್ರಿ, ಮೊದಲಿನಂಗ?”

ಅವಳು ಹೋದ ದಿನದಿಂದ ಆ ಕಿಟಕಿಯನ್ನು ನಾವು ತೆರೆದಿರಲಿಲ್ಲ.