ಮೇಜು ಕುಟ್ಟಿದ ಪಂಡಿತರು

ಜರ್ಮನಿಯಲ್ಲಿ ನಾನು ಮೊದಲು ಕಲಿತದ್ದು ಕುಟ್ಟುವ ಭಾಷೆ. ಬಾಯಿಂದ ಆಡುವ ಅವರ ಭಾಷೆ ನನಗೆ ಕೊನೆಯವರೆಗೂ ಬರಲಿಲ್ಲ. ಧಾರವಾಡದ ಕನ್ನಡ ಶಾಲೆಯಲ್ಲಿ ಮೂರನೆಯ ಇಯತ್ತೆಗೇ ಪಾಟಿ ಕೆಳಗಿಟ್ಟವಳು ನಾನು. ಕಲಿಯುವ ಉಮೇದೂ ಇರಲಿಲ್ಲ.

ಎಪ್ಪತ್ತರ ದಶಕದ ಮಾತು. ಮಗಳು ವಸುಂಧರೆಯ ಬಾಣಂತನಕ್ಕೆಂದು ಸ್ಟುಟ್‌ಗಾರ್ಟಿಗೆ ಹೋಗಿದ್ದೆ. ಊರಿನಿಂದ ಒಯ್ದಿದ್ದ ಹಿತ್ತಾಳೆಯ ಕುಟ್ಟಾಣಿಯಲ್ಲಿ ಒಂದು ರವಿವಾರ ಶೇಂಗಾ ಚಟ್ನಿ ಕುಟ್ಟಲು ಕುಳಿತೆ. ಕುಟ್ಟತೊಡಗಿದ್ದೇ ತಡ, ನನ್ನ ಕಾಲಕೆಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಕೆಳಗಿನ ಮನೆಯಾಕೆ ಕಸಬರಿಗೆಯ ಹಿಡಿಕೆಯಿಂದ ತನ್ನ ಮನೆಯ ಚಾವಣಿಗೆ ಕುಟ್ಟುತ್ತಿದ್ದಳು. ನಾನು ನಿಲ್ಲಿಸಿದೆ, ಅವಳೂ ನಿಲ್ಲಿಸಿದಳು. ನಾನು ಮತ್ತೆ ಕುಟ್ಟಿದೆ, ಅವಳೂ ಕುಟ್ಟಿದಳು. ಈ ದೇಶದಲ್ಲಿ ಕುಟ್ಟಿದರೆ 'ಸಾಕುಮಾಡು' ಎಂದರ್ಥ ಎಂದು ಅವತ್ತೇ ಮನದಟ್ಟಾಯಿತು. ಮಾತಿಲ್ಲದೆ ಇಷ್ಟು ಚೆನ್ನಾಗಿ ಬೈಯುವ ಜನರನ್ನು ನಾನು ಬೇರೆಲ್ಲೂ ಕಂಡಿಲ್ಲ.

ವಸುಂಧರೆ ಓದುತ್ತಿದ್ದುದು ಚರಿತ್ರೆ. ಅದರಲ್ಲೂ ನಮ್ಮ ರಾಜರ ಚರಿತ್ರೆಯಲ್ಲ, ಅವರ ಉಪ್ಪಿನ ಚರಿತ್ರೆ. ಹಿಂದಿನ ಕಾಲದಲ್ಲಿ ಉತ್ತರದ ಲ್ಯೂಬೆಕ್ ಎಂಬ ಊರಿನಿಂದ ಹಡಗುಗಳಲ್ಲಿ ಉಪ್ಪು ಹೋಗುತ್ತಿತ್ತಂತೆ. ಯಾರು ಕಳಿಸಿದರು, ಯಾರು ಕೊಂಡರು ಎಂಬುದನ್ನು ಇವಳು ವರ್ಷಗಟ್ಟಲೆ ಹುಡುಕಿದಳು. ತಾನು ಮಾಡುವ ಸಾರಿಗೆ ಉಪ್ಪು ಹಾಕುವುದನ್ನು ಮಾತ್ರ ಮರೆಯುತ್ತಿದ್ದಳು.

ಆ ಲ್ಯೂಬೆಕ್ಕಿನಲ್ಲೇ ಚರಿತ್ರೆಯ ಪಂಡಿತರ ಸಭೆ ಸೇರುವುದಿತ್ತು. ಇವಳು ಅಲ್ಲಿ ಪ್ರಬಂಧ ಓದಬೇಕು. ಅದನ್ನು ಕೇಳಿ ಇವಳ ಪ್ರೊಫೆಸರರು ತಮ್ಮ ಕೈಕೆಳಗೆ ಕೆಲಸ ಕೊಡಬೇಕೋ ಬೇಡವೋ ಎಂದು ತೀರ್ಮಾನಿಸುವವರು. ಕೂಸು ಹುಟ್ಟಿದ ಮೇಲೆ ಅವರ ಮನಸ್ಸು ಡೋಲಾಯಮಾನವಾಗಿತ್ತು. ಅಳಿಯ ಡಾಕ್ಟರ, ಆಸ್ಪತ್ರೆಯವರು ರಜೆ ಕೊಡಲಿಲ್ಲ. ಹೀಗಾಗಿ ನಾನು, ಮಗಳು, ಮೊಲೆ ಬಿಡದ ಕೂಸು ಮೂವರೂ ರೈಲು ಹತ್ತಿದೆವು.

ದಾರಿಯುದ್ದಕ್ಕೂ ಅವಳು ಕಾಗದ ನೋಡುತ್ತ ತುಟಿ ಕುಣಿಸುತ್ತಿದ್ದಳು. ನಡುವೆ ಒಮ್ಮೆ ತಲೆಯೆತ್ತಿ, "ಅವ್ವಾ, ಇದೊಂದು ಕೆಟ್ಟಿತಂದ್ರ ಎಲ್ಲಾ ಬಿಟ್ಟುಬಿಡ್ತೀನಿ ನೋಡು," ಅಂದಳು.

"ಬಿಡು. ಉಪ್ಪು ಅಂಗಡ್ಯಾಗ ಸಿಗತದ," ಅಂದೆ.

"ನಿನಗ ಹೇಳಿದೆನಲ್ಲಾ, ನಂದೇ ತಪ್ಪು."

ಅವಳು ಮುಖ ಕಿಟಕಿಯ ಕಡೆ ತಿರುಗಿಸಿದಳು. ಸಮಾಧಾನ ಹೇಳುವ ವಿದ್ಯೆ ನನಗೆ ಬಾರದು. ಕೂಸನ್ನು ಅವಳ ತೊಡೆಯಿಂದ ಎತ್ತಿಕೊಂಡೆ, ಓದಿಕೊಳ್ಳಲಿ ಎಂದು.

ಲ್ಯೂಬೆಕ್ ಹಳೆಯ ಊರು, ಕೆಂಪು ಇಟ್ಟಂಗಿಯ ಊರು. ಅಗಸೆಬಾಗಿಲಿನ ಎರಡು ದಪ್ಪ ಗೋಪುರಗಳು ಕೆಸರಿನಲ್ಲಿ ಕುಸಿದು ಒಂದಕ್ಕೊಂದು ವಾಲಿವೆ, ಜಗಳಾಡಿ ಸುಸ್ತಾದ ಮುದುಕ ಮುದುಕಿಯರ ಹಾಗೆ. ದೊಡ್ಡ ಚರ್ಚೊಂದರಲ್ಲಿ, ಯುದ್ಧದಲ್ಲಿ ಬಾಂಬು ಬಿದ್ದಾಗ ಮೇಲಿಂದ ಕಳಚಿ ಬಿದ್ದು ಒಡೆದ ಗಂಟೆಗಳನ್ನು ಬಿದ್ದಲ್ಲೇ ಬಿಟ್ಟಿದ್ದಾರೆ. ನೆನಪಿಗೆ ಹಾಗೆ ಇಟ್ಟದ್ದಂತೆ. ನಮ್ಮಲ್ಲಾದರೆ ಸಂಜೆಯೊಳಗೆ ಹಂಡೆ ಎರಕ ಹೊಯ್ಯುತ್ತಿದ್ದರು. ಬಿದ್ದದ್ದನ್ನು ಎತ್ತದೆ, ಹೇಗೆ ಬಿತ್ತು ಎಂದು ಕೇಳುತ್ತ ನಿಲ್ಲುವವರು ಚರಿತ್ರೆಯವರು. ನಾನು ಮೊದಲು ಎತ್ತುತ್ತೇನೆ, ಆಮೇಲೆ ಬೈಯುತ್ತೇನೆ; ಹಾಗಾಗಿ ನನ್ನ ಕೈಯಲ್ಲಿ ಚರಿತ್ರೆ ಉಳಿಯುವುದಿಲ್ಲ.

ಪಂಡಿತರ ಸಭೆ ಹೇಗಿರುತ್ತದೋ ಎಂಬ ಅಂಜಿಕೆ ನನಗಿತ್ತು. ಹೋಗಿ ನೋಡಿದರೆ ಅದು ನಮ್ಮ ತಿಥಿಯೇ. ಸತ್ತವರ ಹೆಸರು ಹಿಡಿದು ಒಬ್ಬೊಬ್ಬರೇ ಮಂತ್ರ ಹೇಳುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಸರಿಬರುವುದಿಲ್ಲ. ಎಲ್ಲರ ಕಣ್ಣೂ ಊಟದ ಕೋಣೆಯ ಬಾಗಿಲಿನ ಮೇಲೆ. ವಡೆ ಒಂದು ಇರಲಿಲ್ಲ. ಬಡಿಸಿದ ಸೂಪಿನಲ್ಲಿ ಮೀನಿತ್ತು. ನಾನು ಡಬ್ಬಿ ಬಿಚ್ಚಿ ಅವಲಕ್ಕಿ ತಿಂದೆ.

ಬೆಳಗಿನ ಮಂತ್ರಗಳನ್ನೆಲ್ಲ ನಾನು ಕೇಳಲಿಲ್ಲ. ಕೂಸು ರಾಗ ತೆಗೆಯುತ್ತಿತ್ತೆಂದು ನದಿಯ ದಂಡೆಗುಂಟ ಅದರ ಗಾಡಿ ತಳ್ಳಿಕೊಂಡು ತಿರುಗಿದೆ. ಊಟವಾದ ಮೇಲೆ ವಸುಂಧರೆಯ ಸರದಿ. ಕೂಸನ್ನು ಎತ್ತಿಕೊಂಡು ಕೊನೆಯ ಬೆಂಚಿನಲ್ಲಿ ಕುಳಿತೆ. ಅಷ್ಟು ಕೋಟುಗಳ ನಡುವೆ ಅವಳದೊಂದೇ ಇಳಕಲ್ ಸೀರೆ. ದನಿ ಮೊದಲು ನಡುಗಿತು, ಆಮೇಲೆ ನೆಟ್ಟಗಾಯಿತು. ಒಂದಕ್ಷರ ತಿಳಿಯದಿದ್ದರೂ, ಇವಳು ಯಾರ ಮಾತನ್ನೋ ಕತ್ತರಿಸಿ ಹಾಕುತ್ತಿದ್ದಾಳೆ ಎಂಬುದು ಗೊತ್ತಾಯಿತು. ನನ್ನ ಎದುರು ನಿಂತು ವಾದಿಸುವಾಗಲೂ ಅವಳ ಎಡಹುಬ್ಬು ಹಾಗೇ ಏರುತ್ತದೆ. ಪ್ರೊಫೆಸರರು ಮುಂದಿನ ಸಾಲಿನಲ್ಲಿ ಗಡ್ಡ ಹಿಡಿದು ಕುಳಿತಿದ್ದರು. ನಗಲಿಲ್ಲ, ತಲೆಯಾಡಿಸಲಿಲ್ಲ.

ಅವಳು ಕೊನೆಯ ಹಾಳೆ ಮಗುಚಿದಳು. ಒಡನೆಯೇ ಪ್ರೊಫೆಸರರು ಬೆರಳ ಗೆಣ್ಣಿನಿಂದ ಮೇಜು ಕುಟ್ಟಿದರು. ಟಕ್ ಟಕ್ ಟಕ್. ಪಕ್ಕದವರು ಕುಟ್ಟಿದರು. ಹಿಂದಿನವರು ಕುಟ್ಟಿದರು. ಸಭೆಗೆ ಸಭೆಯೇ ಕುಟ್ಟಿತು.

ನನ್ನ ಮೈ ಉರಿಯಿತು. ಅಂಗಡಿಯಲ್ಲಿ ಸಿಗುತ್ತದೆ ಎಂದವಳು ನಾನೇ. ಆದರೆ ಅವಳ ಉಪ್ಪನ್ನು ನಾನು ಹಳಿಯಬಹುದು, ಹಳಿಯಲು ಇವರು ಯಾರು? ಕೂಸನ್ನು ಬಗಲಿಗೆ ಏರಿಸಿಕೊಂಡು ಸಾಲುಗಳ ನಡುವೆ ನಡೆದೇಬಿಟ್ಟೆ.

"ವಸೂ, ಕಾಗದ ಕಟ್ಟು, ನಡೀ! ಒಂದು ಹೆಣ್ಮಗಳು ಇಷ್ಟು ದೂರದಿಂದ ಬಂದು ಓದಿದರ, ಕಸಬರಿಗಿ ತಗೊಂಡು ಕುಟ್ಟಿದಂಗ ಕುಟ್ಟತಾರ. ಕಲಿತವರಂತ, ಕಲಿತವರು!"

ಕುಟ್ಟುವುದು ನಿಂತಿತು. ಕೂಸು ಇದೇ ಸಮಯವೆಂದು ಕಿರುಚಿತು. ವಸುಂಧರೆಯ ಮುಖ ಇಳಕಲ್ ಸೀರೆಯ ಕೆಂಪು ಸೆರಗಿನ ಬಣ್ಣಕ್ಕೆ ಬಂತು.

"ಅವ್ವಾ! ಅವರು ಬೈಯಾಕತ್ತಿಲ್ಲಾ, ಹೊಗಳಾಕತ್ಯಾರ! ಇಲ್ಲಿ ಚಪ್ಪಾಳಿ ಅಂದ್ರ ಇದನ!"

"ಮತ್ತ ಆ ಕೆಳಗಿನ ಮನಿಯಾಕಿ?"

"ಆಕಿ ಬೈಯಾಕಿನ."

ಒಂದೇ ದೇಶ, ಒಂದೇ ಟಕ್ ಟಕ್, ಎರಡು ಅರ್ಥ. ನನ್ನಂಥವಳು ಏನು ಮಾಡಬೇಕು? ಆದರೆ ಆ ಹೊತ್ತಿನಲ್ಲಿ ನನಗೆ ಬೇರೆಯದೇ ಚಿಂತೆ ಹತ್ತಿತು. ಇಷ್ಟು ಜನ ಇಷ್ಟು ಜೋರಾಗಿ ಹೊಗಳಿದರೆಂದರೆ ದೃಷ್ಟಿ ತಾಗದೆ ಇರುತ್ತದೆಯೇ? ಕೂಸನ್ನು ಅವಳ ಕೈಗೆ ಕೊಟ್ಟು, ಅವಳ ಮುಖಕ್ಕೆ ಎರಡೂ ಅಂಗೈ ನೀವಳಿಸಿ, ನನ್ನ ಕಪಾಳಕ್ಕೆ ಒತ್ತಿ ನೆಟಿಗೆ ಮುರಿದೆ. ಪಟಪಟನೆ ಮುರಿದವು. ಸದ್ದು ಮುಂದಿನ ಸಾಲಿಗೆ ಕೇಳಿಸಿತು.

ಪ್ರೊಫೆಸರರು ಎದ್ದು ಬಂದು ಏನೋ ಕೇಳಿದರು. "ಇದು ನಿಮ್ಮ ಕಡೆ ಚಪ್ಪಾಳೇನು ಅಂತ ಕೇಳ್ತಾರ," ಅಂದಳು ವಸುಂಧರೆ.

"ಹೂಂ ಅನ್ನು. ಎಲ್ಲಾ ಬಿಡಿಸಿ ಹೇಳಕೋತ ನಿಂತರ ಕತ್ತಲಾಗತದ."

ಅವರು ನಕ್ಕರು. ಮತ್ತೆ ಕೂಸಿನ ಕಡೆ ನೋಡಿ ಒಂದು ಮಾತು ಕೇಳಿದರು. ಈ ಸಲ ಮಗಳು ನನಗೆ ಕೂಡಲೇ ಹೇಳಲಿಲ್ಲ. ನಾನೇ ತಿಳಿದುಕೊಂಡೆ, ಕೆಲಸ ಕೊಡುವವರು ಹೆಣ್ಣುಮಕ್ಕಳಿಗೆ ಕೇಳುವ ಮಾತು ಎಲ್ಲಾ ದೇಶದಲ್ಲೂ ಒಂದೇ.

"ಕೂಸು ಯಾರು ನೋಡ್ತಾರ ಅಂತಾನೇನು?"

"ಹೂಂ."

"ನಾ ಇದ್ದೀನಂತ ಹೇಳು."

"ನೀ ದೀಪಾವಳಿಗೆ ಊರಿಗೆ ಹೊಂಟಾಕಿ."

"ಹೇಳಂದ್ರ ಹೇಳು. ದೀಪಾವಳಿ ಮುಂದಿನ ವರ್ಷಾನೂ ಬರತದ."

ಅವಳು ಹೇಳಿದಳು. ಅವರು ಪಕ್ಕದ ಮೇಜಿಗೆ ಎರಡು ಸಲ ಗೆಣ್ಣು ತಾಗಿಸಿದರು. ಕೆಲಸ ಸಿಕ್ಕಿತು.

ಮರಳುವಾಗ ರೈಲಿನಲ್ಲಿ ವಸುಂಧರೆ ನನ್ನ ಹೆಗಲಿಗೆ ಒರಗಿ ಅಳಲು ಶುರುಮಾಡಿದಳು. "ಅಳಬ್ಯಾಡ, ಹಾಲು ಕೆಡತಾವ," ಅಂದೆ. ಊರಿನಲ್ಲಿ ಒಣಹಾಕಲು ಹೇಳಿಬಂದಿದ್ದ ಹಪ್ಪಳ, ಬಾಡಿಗೆಯವರು ಕೆಡಿಸಿಡಬಹುದಾದ ಹಿತ್ತಲು, ಇವೆಲ್ಲ ನನ್ನ ತಲೆಯಲ್ಲಿದ್ದವು. ಆಡಿದ ಮಾತು ಆಡಿಯಾಗಿತ್ತು. ಕೂಸು ಎರಡು ಹಲ್ಲು ಬಿಡುವವರೆಗೆ ಇದ್ದರಾಯಿತು ಎಂದುಕೊಂಡದ್ದು ಕಡೆಗೆ ಬಾಯಿ ತುಂಬ ಹಲ್ಲು ಬರುವವರೆಗೆ ನಡೆಯಿತು.

ಅಷ್ಟು ದಿನವೂ ಚಟ್ನಿ ಬೇಕೇಬೇಕಿತ್ತು. ಸ್ಟುಟ್‌ಗಾರ್ಟಿಗೆ ಮರಳಿದ ವಾರವೇ ಕುಟ್ಟಾಣಿ ತೆಗೆದೆ. ಕೆಳಗಿನಾಕೆ ಕಸಬರಿಗೆ ಎತ್ತಿ ಟಕ್ ಟಕ್ ಅಂದಳು. ನಾನು ಕೈ ನಿಲ್ಲಿಸಿ, ನೆಲದ ಕಡೆ ನೋಡಿ, ಸಭೆಗೆ ವಂದಿಸುವ ಹಾಗೆ ಒಮ್ಮೆ ತಲೆಬಾಗಿಸಿದೆ. ಆಮೇಲೆ ಉಳಿದ ಶೇಂಗಾ ಕುಟ್ಟಿದೆ.